ಅಪ್ಪನ ಮೀಸೆ ಮತ್ತು 1,024 ಬೈಟ್

ನಮ್ಮನೆಯ ನಿಂಟೆಂಡೊ ವೀ, ಅಂದರೆ ಟಿವಿಗೆ ಹಾಕಿ ಆಡುವ ವಿಡಿಯೋ ಗೇಮ್ ಮೆಷಿನ್, ಕೆಟ್ಟು ನಾಲ್ಕು ವರ್ಷವಾಯಿತು. ಮಾವ ಅಮೆರಿಕದಿಂದ ತಂದಿದ್ದು. ಸಂಜೆಯಾದರೆ ಅಪ್ಪ ಪಂಚೆ ಎತ್ತಿ ಕಟ್ಟಿ, ರಿಮೋಟಿನ ದಾರವನ್ನು ಕೈಗೆ ಹಾಕಿಕೊಂಡು ವೀ ಸ್ಪೋರ್ಟ್ಸ್‌ನ ಬೌಲಿಂಗಿಗೆ ನಿಲ್ಲುತ್ತಿದ್ದರು. ಸಾವಿರ ಪಾಯಿಂಟ್ ದಾಟಿ 'ಪ್ರೋ' ಆದಾಗ ಅವರ ಚೆಂಡಿನ ಮೇಲೆ ನಕ್ಷತ್ರ ಬಂದಿತ್ತು. ಅಕ್ಕ ಮಾಡಿದ್ದ ಅಪ್ಪನ ಗೊಂಬೆಗೆ, ಅಂದರೆ 'ಮೀ'ಗೆ, ದಪ್ಪ ಕಪ್ಪು ಮೀಸೆ.

ಪುಣ್ಯಕ್ಕೆ ವೀ ಚೆನ್ನಾಗಿದ್ದಾಗಲೇ ಬೂಟ್‌ಮೀ ಅನ್ನೋ ಬ್ಯಾಕಪ್ ಪ್ರೋಗ್ರಾಂ ಬಳಸಿ ಅದರ 512 ಎಂಬಿ ಮೆಮೊರಿಯನ್ನೆಲ್ಲ ಎಸ್‌ಡಿ ಕಾರ್ಡಿಗೆ ಇಳಿಸಿಟ್ಟಿದ್ದೆ. ಕಳೆದ ಭಾನುವಾರ ಆ ನ್ಯಾಂಡ್.ಬಿನ್ ಫೈಲನ್ನು ಲ್ಯಾಪ್‌ಟಾಪಿನಲ್ಲಿ ಡಾಲ್ಫಿನ್ ಎಮ್ಯುಲೇಟರಿಗೆ, ಅಂದರೆ ವೀ ಆಟಗಳನ್ನು ಕಂಪ್ಯೂಟರಿನಲ್ಲೇ ಆಡಿಸುವ ಪ್ರೋಗ್ರಾಮಿಗೆ, ಕೊಟ್ಟೆ. ಬ್ಯಾಕಪ್ಪಿನ ಬೀಗ ತೆಗೆಯುವ ಕೀ ಫೈಲ್ ಎಲ್ಲಿ ಅಂತ ಕೇಳಿತು. ಸೈಜ್ ನೋಡಿದೆ: 55,36,48,128 ಬೈಟ್. ಕೀಗಳೂ ಸೇರಿದ್ದರೆ ಇನ್ನೂ 1,024 ಬೈಟ್ ಇರಬೇಕಿತ್ತು.

ಎದೆ ಧಸಕ್ಕೆಂದಿತು. ಒಂದೊಂದು ವೀಗೂ ಅದರದ್ದೇ ಕೀ. ಅದು ಒಳಗಿನ ಚಿಪ್‌ನಲ್ಲೇ ಕೂತಿರುತ್ತದೆ. ಮೆಷಿನ್ನೇ ಆನ್ ಆಗದಿದ್ದರೆ ಎಲ್ಲಿಂದ ತರೋದು?

ಹಳೇ ಹಾರ್ಡ್‌ಡಿಸ್ಕ್ ಜಾಲಾಡಿದಾಗ ಒಂದು ಕೀಸ್.ಬಿನ್ ಸಿಕ್ಕಿತು. ಕೊಟ್ಟೆ. ಫೋಲ್ಡರುಗಳೆಲ್ಲ ಸಾಲಾಗಿ ಬಂದವು. ವೀ ಸ್ಪೋರ್ಟ್ಸ್‌ನ 52535045 ಅನ್ನೋ ಫೋಲ್ಡರ್ ಕೂಡ ಅಲ್ಲೇ ಇತ್ತು. ಖುಷಿಯಾಯಿತು. ಆದರೆ ಗೊಂಬೆಗಳ ಫೈಲ್ ತೆರೆದರೆ ಬರೀ ಕಲಸುಮೇಲೋಗರ. ವೀ ಫೈಲಿನ ಹೆಸರುಗಳಿಗೆ ಬೀಗ ಹಾಕಿರುವುದಿಲ್ಲ, ಒಳಗಿನ ಮಾಲಿಗೆ ಮಾತ್ರ ಹಾಕಿರುತ್ತದೆ. ಅದಕ್ಕೇ ತಪ್ಪು ಕೀ ಕೊಟ್ಟರೂ ಎಲ್ಲ ಸರಿಯಾಗಿದೆ ಅನ್ನಿಸಿಬಿಡುತ್ತದೆ.

ಮತ್ತೆ ಹುಡುಕಿದೆ. ಮಧ್ಯಾಹ್ನದ ಊಟಕ್ಕೆ ಅಮ್ಮ ಎರಡು ಸಲ ಕರೆದರು. 'ಸುಮ್ನೆ' ಅನ್ನೋ ಫೋಲ್ಡರಿನಲ್ಲಿ ಇನ್ನೊಂದು ಕೀಸ್.ಬಿನ್! ಎರಡನ್ನೂ ಹೆಕ್ಸ್ ಎಡಿಟರಿನಲ್ಲಿ, ಅಂದರೆ ಫೈಲಿನ ಬೈಟುಗಳನ್ನು ಇದ್ದ ಹಾಗೇ ತೋರಿಸುವ ಪ್ರೋಗ್ರಾಮಿನಲ್ಲಿ, ಪಕ್ಕಪಕ್ಕ ಇಟ್ಟೆ. ಎರಡರ ಶುರುವಿನಲ್ಲೂ ಓದಲು ಬರುವ ಒಂದು ಸಾಲು, ಅದರಲ್ಲಿ ಕನ್ಸೋಲ್ ಐಡಿ, ಅಂದರೆ ಆ ಮೆಷಿನ್ನಿನ ಗುರುತಿನ ಸಂಖ್ಯೆ. ಐಡಿ ಬೇರೆ ಬೇರೆ. ಆಗ ನೆನಪಾಯಿತು, ಗೆಳೆಯನ ವೀಗೂ ನಾನೇ ಬ್ಯಾಕಪ್ ತೆಗೆದುಕೊಟ್ಟಿದ್ದೆ ಅಲ್ವಾ! ಮೊದಲು ಕೊಟ್ಟಿದ್ದು ಅವನದ್ದು.

ಎರಡನೆಯದನ್ನು ಕೊಟ್ಟು ಮತ್ತೆ ಗೊಂಬೆಗಳ ಫೈಲ್ ತೆರೆದೆ. ಮೊದಲ ನಾಲ್ಕು ಅಕ್ಷರ ಆರ್, ಎನ್, ಒ, ಡಿ. ಅದು ಹೀಗೇ ಶುರುವಾಗಬೇಕು. ಕೈ ನಡುಗಿತು.

ಮೊದಲು ಆ ಕೀ ಫೈಲನ್ನು ನ್ಯಾಂಡ್.ಬಿನ್ ಜೊತೆಗೇ ಇಟ್ಟು, ಫೋಲ್ಡರಿಗೆ 'ನಮ್ಮನೆ ವೀ' ಅಂತ ಹೆಸರು ಕೊಟ್ಟೆ. ಆಮೇಲೆ ಅಪ್ಪನನ್ನು ಕರೆದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಅವರ ಮೀಸೆ ಈಗ ಪೂರ್ತಿ ಬೆಳ್ಳಗಾಗಿದೆ.

"ನನ್ನ ಪಾಯಿಂಟೂ ಇದೆಯೇನೋ?"

"ಇದೆ ಅಪ್ಪ. ನಮ್ಮ ಆಟದ ಡಿಸ್ಕ್ ಒಂದನ್ನು ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಳ್ಳಬೇಕು, ಅಷ್ಟೆ."

ಅಪ್ಪ ಷೋಕೇಸಿನ ಕೆಳಗಿನ ಖಾನೆಯಲ್ಲಿ ರಿಮೋಟ್ ಹುಡುಕಲು ಹೋದರು.