ಅಪ್ಪಿಕೊಳ್ಳಲು ಆಳು ಹುಡುಕುತ್ತಾ ಓಡಿದ ಕೋಚ್

ನಾವಿರುವ ಊರಿನ ಹೆಸರು ಕೇರಿ. ಬಂದ ಹೊಸದರಲ್ಲಿ ಫೋನಿನಲ್ಲಿ ಹೇಳಿದಾಗ ಅಮ್ಮ, "ಯಾವ ಕೇರಿ? ಮೊದಲು ಊರಿನ ಹೆಸರು ಹೇಳೇ" ಎಂದಿದ್ದರು. ನಾರ್ತ್ ಕ್ಯಾರೊಲಿನಾ ರಾಜ್ಯದ ರಾಜಧಾನಿ ರಾಲಿಗೆ ಅಂಟಿಕೊಂಡಿರುವ ಊರು ಇದು. ಕಾರಿನಲ್ಲಿ ಸುಮಾರು ಅರ್ಧ ಗಂಟೆಯ ಸುತ್ತಿನಲ್ಲಿ ಮೂರು ದೊಡ್ಡ ವಿಶ್ವವಿದ್ಯಾಲಯಗಳಿವೆ. ರಾಲಿಯಲ್ಲಿ ಎನ್.ಸಿ. ಸ್ಟೇಟ್, ಡರ್ಹಾಮ್‌ನಲ್ಲಿ ಡ್ಯೂಕ್, ಚಾಪೆಲ್ ಹಿಲ್‌ನಲ್ಲಿ ಯು.ಎನ್.ಸಿ. ಇಲ್ಲಿ ಯಾರ ಪರಿಚಯವಾದರೂ ಹೆಸರು ಕೇಳಿದ ಮೇಲೆ ಬರುವ ಪ್ರಶ್ನೆ, "ನೀವು ಯಾರ ಕಡೆ?" ಅಂದರೆ ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಮೂವರಲ್ಲಿ ಯಾರ ಕಡೆ ಅಂತ.

ನಾನು ಶಾಲೆಯಲ್ಲಿ ಖೋ ಖೋ ಆಡಿದವಳು. ಯಾರ ಕಡೆಯೂ ಇರಲಿಲ್ಲ. ನನ್ನನ್ನು ಎನ್.ಸಿ. ಸ್ಟೇಟ್ (ಇಲ್ಲಿನವರ ಬಾಯಲ್ಲಿ ಬರೀ ಸ್ಟೇಟ್) ಕಡೆ ಸೇರಿಸಿಕೊಂಡವರು ಪಕ್ಕದ ಮನೆಯವರು. ಎಂಬತ್ತು ದಾಟಿದ ನಿವೃತ್ತ ಶಿಕ್ಷಕಿ. ನನ್ನ ಮಗಳು ಅವರನ್ನು ಟೀಚರ್ ಅಜ್ಜಿ ಎನ್ನುತ್ತಾಳೆ. ಅಜ್ಜಿ ಅಂದರೇನೆಂದು ಒಮ್ಮೆ ಕೇಳಿ ತಿಳಿದುಕೊಂಡ ಮೇಲೆ ಅವರು ಬೇರೆ ಹೆಸರಿನಿಂದ ಕರೆಯಲು ಬಿಟ್ಟಿಲ್ಲ.

ನಾವು ಇಲ್ಲಿಗೆ ಬಂದ ಮೊದಲ ಮಾರ್ಚ್‌ನಲ್ಲಿ ಅವರು ಒಂದು ಹಾಳೆ ಹಿಡಿದುಕೊಂಡು ಬಾಗಿಲಿಗೆ ಬಂದರು. ವಂಶವೃಕ್ಷವನ್ನು ಅಡ್ಡ ಮಲಗಿಸಿದ ಹಾಗಿತ್ತು. ಎರಡು ಅಂಚಿಗೂ ಕಾಲೇಜುಗಳ ಹೆಸರು, ಜೋಡಿ ಜೋಡಿಯಾಗಿ. ಒಳಕ್ಕೆ ಹೋದಂತೆ ಗೆರೆಗಳು ಕೂಡುತ್ತಾ ಕೂಡುತ್ತಾ ನಡುವೆ ಒಂದೇ ಖಾಲಿ ಜಾಗ. ಪ್ರತಿ ಮಾರ್ಚ್‌ನಲ್ಲಿ ನಡೆಯುವ ಕಾಲೇಜುಗಳ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಈ ಹಾಳೆಗೆ ಬ್ರಾಕೆಟ್ ಎನ್ನುತ್ತಾರೆ. ಯಾರು ಯಾರನ್ನು ಸೋಲಿಸುತ್ತಾರೆಂದು ಪಂದ್ಯಗಳು ಶುರುವಾಗುವ ಮೊದಲೇ ತುಂಬಿಬಿಡಬೇಕು. ಆಗ 68 ತಂಡಗಳು, ಮೂರು ವಾರ. ಒಂದು ಸೋತರೆ ಮನೆಗೆ. ನಮ್ಮ ಐಪಿಎಲ್‌ನ ಹಾಗೆ ನಾಲ್ಕು ಸೋತು ಮತ್ತೆ ಮೇಲೇಳುವುದಕ್ಕೆ ಇಲ್ಲಿ ಜಾಗವಿಲ್ಲ.

ಇವರೆಲ್ಲ ಓದುವ ಮಕ್ಕಳು ಎಂಬುದು ನನ್ನ ಮನಸ್ಸಿಗೆ ನಾಟಲು ಕೆಲವು ದಿನ ಬೇಕಾಯಿತು. ಇವರಲ್ಲಿ ಬಹಳ ಮಂದಿ ಮುಂದೆ ವೃತ್ತಿಪರ ಆಟಕ್ಕೆ ಹೋಗುವುದಿಲ್ಲ. ಕೊನೆಯ ವರ್ಷದ ಹುಡುಗನೊಬ್ಬ ಸೋತ ಪಂದ್ಯದ ಕೊನೆಯಲ್ಲಿ ಜೆರ್ಸಿಯನ್ನು ಮುಖದ ಮೇಲೆ ಎಳೆದುಕೊಂಡು ಕೂತುಬಿಟ್ಟರೆ, ಅವನಿಗೆ ಆ ಅಂಗಿ ಮತ್ತೆ ಹಾಕುವ ದಿನವಿಲ್ಲ ಎಂದರ್ಥ. ಅದನ್ನು ನೋಡಿದಾಗ ಗಂಟಲು ಕಟ್ಟುತ್ತದೆ. ಹತ್ತು ವರ್ಷ ಕಳೆದರೂ ನನಗದು ಅಭ್ಯಾಸವಾಗಿಲ್ಲ.

ಟೀಚರ್ ಅಜ್ಜಿ ಆಟ ಕಲಿಸಿದ್ದು ನಿಯಮಗಳಿಂದಲ್ಲ, ಕಥೆಗಳಿಂದ. ಕೈತೋಟದ ಟೊಮ್ಯಾಟೊ ಕೊಡಲು ಬಂದಾಗ ಒಂದು, ಕಸದ ಡಬ್ಬಿ ರಸ್ತೆಗೆ ಎಳೆಯುವಾಗ ಒಂದು. ಅವುಗಳಲ್ಲೆಲ್ಲ ಅವರು ಮತ್ತೆ ಮತ್ತೆ ಹೇಳಿದ್ದು 1983ರದ್ದು.

ಆ ವರ್ಷ ಸ್ಟೇಟ್ ತಂಡ ಹತ್ತು ಪಂದ್ಯ ಸೋತಿತ್ತು. ನಡುವೆ ಮುಖ್ಯ ಆಟಗಾರ ಡೆರೆಕ್ ವಿಟನ್‌ಬರ್ಗ್ ಕಾಲಿನ ಮೂಳೆ ಮುರಿದುಕೊಂಡು ಹಲವು ವಾರ ಹೊರಗೆ ಕೂತಿದ್ದರು. ರಾಷ್ಟ್ರೀಯ ಪಂದ್ಯಾವಳಿಗೆ ಕರೆ ಬರಬೇಕಾದರೆ ತಮ್ಮ ಪ್ರಾದೇಶಿಕ ಪಂದ್ಯಾವಳಿಯನ್ನೇ ಗೆಲ್ಲಬೇಕಾದ ಸ್ಥಿತಿ. ಅಲ್ಲಿ ಯು.ಎನ್.ಸಿ. ಇತ್ತು, ಅದರಲ್ಲಿ ಮೈಕಲ್ ಜೋರ್ಡನ್ ಎಂಬ ಎರಡನೇ ವರ್ಷದ ಹುಡುಗ ಇದ್ದ. ವರ್ಜೀನಿಯಾ ಇತ್ತು, ಅದರಲ್ಲಿ ಏಳಡಿ ನಾಲ್ಕಂಗುಲದ ರಾಲ್ಫ್ ಸ್ಯಾಂಪ್ಸನ್ ಇದ್ದರು. ಇಬ್ಬರನ್ನೂ ದಾಟಿ ಸ್ಟೇಟ್ ಗೆದ್ದಿತು. ರಾಷ್ಟ್ರೀಯ ಹಂತದ ಮೊದಲ ಪಂದ್ಯದಲ್ಲೇ ಸೋಲುವ ಅಂಚಿಗೆ ಹೋಗಿ, ಎರಡು ಸಲ ಹೆಚ್ಚುವರಿ ಸಮಯ ಆಡಿ, ಪೆಪ್ಪರ್‌ಡೈನ್ ವಿರುದ್ಧ 69–67ರಿಂದ ಪಾರಾಯಿತು. ಮತ್ತೆ ವರ್ಜೀನಿಯಾ ಎದುರಾಯಿತು, 63–62. ಇಲ್ಲಿನ ಶಾಲೆಗಳಲ್ಲಿ ಮಾರ್ಚ್ ಬಂತೆಂದರೆ ಶಿಕ್ಷಕರು ಚಕ್ರದ ಮೇಜಿನ ಮೇಲಿನ ಟಿವಿಯನ್ನು ತರಗತಿಗೆ ತಳ್ಳಿಕೊಂಡು ಬರುತ್ತಿದ್ದರು. ಹಾಗೆ ತಂದವರಲ್ಲಿ ನಮ್ಮ ಟೀಚರ್ ಅಜ್ಜಿಯೂ ಒಬ್ಬರು. "ಆ ವಾರ ಭಿನ್ನರಾಶಿ ಕಲಿಸಬೇಕಿತ್ತು. ಮುಂದಿನ ವಾರ ಕಲಿಸಿದೆ" ಎನ್ನುತ್ತಾರೆ.

ಏಪ್ರಿಲ್ 4ರ ಫೈನಲ್ ನಡೆದದ್ದು ದೂರದ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ. ಎದುರಾಳಿ ಹ್ಯೂಸ್ಟನ್. ಹಕೀಮ್ ಒಲಾಜುವನ್, ಕ್ಲೈಡ್ ಡ್ರೆಕ್ಸ್‌ಲರ್ ಇದ್ದ ತಂಡ. ಗಾಳಿಯಲ್ಲೇ ಆಡುತ್ತಾರೆ ಎಂಬ ಹೆಸರು ಪಡೆದಿತ್ತು. ಮಧ್ಯಂತರಕ್ಕೆ ಸ್ಟೇಟ್ 33–25ರಿಂದ ಮುಂದಿತ್ತು. ಆಮೇಲೆ ಹ್ಯೂಸ್ಟನ್ ಎದ್ದುನಿಂತು 42–35ಕ್ಕೆ ಹೋಯಿತು. ಅಷ್ಟರಲ್ಲಿ ಅವರ ಕೋಚ್ ಆಟ ನಿಧಾನ ಮಾಡಿಸಿದರು. ಇಷ್ಟು ಹೊತ್ತಿನೊಳಗೆ ಎಸೆಯಲೇಬೇಕು ಎನ್ನುವ ಶಾಟ್ ಕ್ಲಾಕ್ ಆ ಪಂದ್ಯಾವಳಿಯಲ್ಲಿ ಇರಲಿಲ್ಲ, ಚೆಂಡನ್ನು ಎಷ್ಟು ಹೊತ್ತು ಬೇಕಾದರೂ ತಮ್ಮಲ್ಲೇ ಇಟ್ಟುಕೊಳ್ಳಬಹುದಿತ್ತು. ಇದಕ್ಕೆ ಸ್ಟೇಟ್‌ನ ಕೋಚ್ ಜಿಮ್ ವಾಲ್ವಾನೊ ಕಂಡುಕೊಂಡಿದ್ದ ಮದ್ದು, ಬೇಕೆಂದೇ ಫೌಲ್ ಮಾಡುವುದು. ಎದುರಾಳಿಗೆ ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಎಸೆತ ಸಿಗುತ್ತದೆ, ನಿಜ. ಆದರೆ ಎದೆ ಹೊಡೆದುಕೊಳ್ಳುತ್ತಿರುವಾಗ ಆ ಸುಲಭದ ಎಸೆತವೇ ತಪ್ಪುವುದು ಹೆಚ್ಚು, ತಪ್ಪಿದರೆ ಚೆಂಡು ನಮಗೆ ಎಂಬ ಲೆಕ್ಕ. ಹ್ಯೂಸ್ಟನ್ ತಪ್ಪಿತು. 52–52.

ಕೊನೆಯ ಕ್ಷಣದ ಪಾಸ್ ಬಹುಮಟ್ಟಿಗೆ ಎದುರಾಳಿಯ ಕೈ ಸೇರಿಯೇಬಿಟ್ಟಿತ್ತು. ವಿಟನ್‌ಬರ್ಗ್ ಹೇಗೋ ಬಾಚಿಕೊಂಡು ಮೂವತ್ತು ಅಡಿ ಆಚೆಯಿಂದ ಎಸೆದರು. ಚೆಂಡು ಬುಟ್ಟಿಯವರೆಗೂ ತಲುಪಲಿಲ್ಲ. ಮೇಲೆ ನೋಡುತ್ತಾ ನಿಂತಿದ್ದವರ ನಡುವಿನಿಂದ ಲೊರೆಂಜೊ ಚಾರ್ಲ್ಸ್ ಎಂಬ ಎರಡನೇ ವರ್ಷದ ಹುಡುಗ ಒಬ್ಬನೇ ಎದ್ದು, ಗಾಳಿಯಲ್ಲೇ ಹಿಡಿದು, ಹಾಗೇ ಬುಟ್ಟಿಯೊಳಗೆ ಅದುಮಿದ. 54–52. ಸಮಯ ಮುಗಿದಿತ್ತು. ಅದು ಗುರಿ ತಪ್ಪಿದ ಎಸೆತವಲ್ಲ, ಪಾಸ್ ಎಂದೇ ವಿಟನ್‌ಬರ್ಗ್ ಹೇಳುತ್ತಾ ಬಂದಿದ್ದಾರೆ.

ಆಮೇಲಿನದ್ದನ್ನು ಹೇಳುವಾಗ ಟೀಚರ್ ಅಜ್ಜಿ ಯಾವಾಗಲೂ ಎದ್ದು ನಿಲ್ಲುತ್ತಾರೆ. ವಾಲ್ವಾನೊ ಅಂಗಣಕ್ಕೆ ನುಗ್ಗಿ ಅತ್ತ ಓಡುತ್ತಾರೆ, ಇತ್ತ ಓಡುತ್ತಾರೆ, ಕೈ ಚಾಚಿಕೊಂಡು. ಪ್ರತಿ ಗೆಲುವಿನ ನಂತರ ಅವರು ಅಪ್ಪಿಕೊಳ್ಳುತ್ತಿದ್ದದ್ದು ವಿಟನ್‌ಬರ್ಗ್‌ರನ್ನು. ಅವತ್ತು ವಿಟನ್‌ಬರ್ಗ್ ಆಗಲೇ ಬೇರೆ ಯಾರನ್ನೋ ಅಪ್ಪಿಕೊಂಡಿದ್ದರು. ಕೋಚ್‌ಗೆ ಆಳು ಸಿಗಲಿಲ್ಲ. ಆ ಓಟವನ್ನು ಪ್ರತಿ ಮಾರ್ಚ್‌ನಲ್ಲಿ ಇಲ್ಲಿನ ಟಿವಿಗಳು ತೋರಿಸುತ್ತವೆ. ಅದೇ ಪಂದ್ಯಾವಳಿಯ ಶ್ರೇಷ್ಠ ಆಟಗಾರನ ಗೌರವ ಸೋತ ತಂಡದ ಒಲಾಜುವನ್‌ಗೆ ಹೋಯಿತು. ಅದು ನ್ಯಾಯವೇ ಎನ್ನುತ್ತಾರೆ ಟೀಚರ್ ಅಜ್ಜಿ.

ಮೊದಲ ಸಲ ಇದನ್ನು ಕೇಳಿದಾಗ ನಾನು, "ನಮಗೂ ಒಂದು 1983 ಇದೆ" ಎಂದೆ. ನಾನಾಗ ಹುಟ್ಟಿರಲಿಲ್ಲ. ಅಪ್ಪ ಹಾಸನದಲ್ಲಿ ರೇಡಿಯೊಗೆ ಕಿವಿಯಿಟ್ಟು ಕೇಳಿದ್ದನ್ನು ಹೇಳಿ ಹೇಳಿ ಅದು ನನ್ನದೇ ನೆನಪಿನಂತಾಗಿದೆ. ಜೂನ್ 25, ಲಾರ್ಡ್ಸ್, ಕೇವಲ 183 ರನ್ ಮಾಡಿ ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿದ್ದು. ಆ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ಅದಕ್ಕೂ ವಾರ ಮೊದಲು ಜಿಂಬಾಬ್ವೆ ಎದುರು 17ಕ್ಕೆ 5, ಆಮೇಲೆ 140ಕ್ಕೆ 8 ಆಗಿದ್ದಾಗ ಕಪಿಲ್ ದೇವ್ ಜೊತೆ ನಿಂತವರು ನಮ್ಮ ಸಯ್ಯದ್ ಕಿರ್ಮಾನಿ. ಕಪಿಲ್ 175, ಇಬ್ಬರೂ ಔಟಾಗಲಿಲ್ಲ. ಕ್ರಿಕೆಟ್ ಏನೆಂದೇ ಗೊತ್ತಿಲ್ಲದ ಟೀಚರ್ ಅಜ್ಜಿ ಅಷ್ಟನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಆ ಇನ್ನೊಬ್ಬ ಎಷ್ಟು ಹೊಡೆದ?" ಇಪ್ಪತ್ತನಾಲ್ಕು ಎಂದೆ. "ಹಾಗಾದರೆ ಅವನೇ ನಿಮ್ಮ ಲೊರೆಂಜೊ" ಎಂದರು. ಅವತ್ತಿನಿಂದ ನಾನು ಸ್ಟೇಟ್ ಕಡೆ.

ಅವರ ಕಥೆಗಳೆಲ್ಲ ಗೆಲುವಿನವಲ್ಲ. 1963ರದ್ದನ್ನು ಅವರು ದನಿ ತಗ್ಗಿಸಿ ಹೇಳುತ್ತಾರೆ. ಮಿಸಿಸಿಪ್ಪಿ ಸ್ಟೇಟ್ ತಂಡದಲ್ಲಿ ಬಿಳಿಯರೇ ಇದ್ದರು. ಕಪ್ಪು ಆಟಗಾರರಿರುವ ತಂಡದೊಂದಿಗೆ ಆಡಬಾರದೆಂಬುದು ಆ ರಾಜ್ಯದ ಅಲಿಖಿತ ಕಟ್ಟಳೆ. ಹಿಂದಿನ ವರ್ಷಗಳಲ್ಲಿ ಅರ್ಹತೆ ಸಿಕ್ಕಿದ್ದರೂ ಅವರು ಮನೆಯಲ್ಲೇ ಉಳಿದಿದ್ದರು. ಆ ವರ್ಷ ವಿಶ್ವವಿದ್ಯಾಲಯದ ಅಧ್ಯಕ್ಷ ಡೀನ್ ಕೋಲ್ವರ್ಡ್ ಕಳುಹಿಸಿಯೇ ತೀರುತ್ತೇನೆ ಎಂದರು. ಕೋಲ್ವರ್ಡ್ ನಮ್ಮ ನಾರ್ತ್ ಕ್ಯಾರೊಲಿನಾದವರು, ಮಿಸಿಸಿಪ್ಪಿಗೆ ಹೋಗುವ ಮುಂಚೆ ಎನ್.ಸಿ. ಸ್ಟೇಟ್‌ನಲ್ಲೇ ಇದ್ದವರು. ವಿರೋಧಿಗಳು ತಡೆಯಲು ಕೋರ್ಟ್ ಆದೇಶ ತಂದರು. ಆದೇಶ ಕೈಗೆ ಸಿಗದಂತೆ ಕೋಚ್ ಮೊದಲೇ ರಾಜ್ಯದ ಗಡಿ ದಾಟಿದರು. ಹುಡುಗರು ಗುಟ್ಟಾಗಿ ವಿಮಾನ ಹತ್ತಿದರು. ಮಾರ್ಚ್ 15ರಂದು ಶಿಕಾಗೊದ ಲೊಯೊಲಾ ವಿರುದ್ಧ ಪಂದ್ಯ. ಲೊಯೊಲಾದ ಐವರಲ್ಲಿ ನಾಲ್ವರು ಕಪ್ಪು ಆಟಗಾರರು. ಆಟಕ್ಕೆ ಮೊದಲು ಇಬ್ಬರು ನಾಯಕರು, ಜೆರ್ರಿ ಹಾರ್ಕ್‌ನೆಸ್ ಮತ್ತು ಜೋ ಡಾನ್ ಗೋಲ್ಡ್, ಕೈ ಕುಲುಕಿದಾಗ ಕ್ಯಾಮೆರಾಗಳ ಬೆಳಕು ಒಮ್ಮೆಗೇ ಮಿಂಚಿತು. ಲೊಯೊಲಾ 61–51ರಿಂದ ಗೆದ್ದಿತು, ಮುಂದೆ ಪ್ರಶಸ್ತಿಯನ್ನೂ ಗೆದ್ದಿತು. ಇಬ್ಬರೂ ಮುಂದೆ ಸ್ನೇಹಿತರಾದರು. 2011ರಲ್ಲಿ ಗೋಲ್ಡ್ ತೀರಿಕೊಂಡಾಗ ಹಾರ್ಕ್‌ನೆಸ್ ಅಂತ್ಯಕ್ರಿಯೆಗೆ ಹೋದರು. ಶವಪೆಟ್ಟಿಗೆಯ ಪಕ್ಕದಲ್ಲಿ ಕೈ ಕುಲುಕಿದ ಅದೇ ಫೋಟೊ ಇತ್ತು.

2018ರ ಒಂದು ರಾತ್ರಿ ಮಾತ್ರ ನಾನೇ ಅವರ ಬಾಗಿಲು ತಟ್ಟಿದೆ. ಪ್ರತಿ ವಿಭಾಗದಲ್ಲಿ ತಂಡಗಳಿಗೆ 1ರಿಂದ 16ರವರೆಗೆ ಶ್ರೇಯಾಂಕ ಕೊಡುತ್ತಾರೆ, ಒಂದನೆಯದು ಹದಿನಾರನೆಯದರ ಜೊತೆ ಆಡುತ್ತದೆ. ಪುರುಷರ ಪಂದ್ಯಾವಳಿಯಲ್ಲಿ ಅದುವರೆಗೆ 135 ಸಲ ಹದಿನಾರನೆಯವರು ಸೋತಿದ್ದರು. ಮಾರ್ಚ್ 16ರಂದು ನಮ್ಮದೇ ರಾಜ್ಯದ ಶಾರ್ಲೆಟ್‌ನಲ್ಲಿ ಯು.ಎಂ.ಬಿ.ಸಿ. ಎಂಬ ಕಾಲೇಜು ವರ್ಜೀನಿಯಾವನ್ನು 74–54ರಿಂದ ಸೋಲಿಸಿತು. ಬಾಲ್ಟಿಮೋರ್ ಬಳಿಯ ಆ ಕಾಲೇಜಿಗೆ ನಮ್ಮ ಕಡೆಯ ಮಕ್ಕಳು ಎಂ.ಎಸ್. ಓದಲು ಬರುತ್ತಾರೆ, ಹೆಸರು ನನಗೆ ಮೊದಲೇ ಗೊತ್ತಿತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಮರುವರ್ಷ ನಡೆದದ್ದು. ಅಷ್ಟು ಅವಮಾನ ನುಂಗಿದ ಅದೇ ವರ್ಜೀನಿಯಾ, ಅದೇ ಕೋಚ್ ಟೋನಿ ಬೆನೆಟ್ ಕೈಕೆಳಗೆ, 2019ರ ಪ್ರಶಸ್ತಿ ಗೆದ್ದಿತು.

ಗೆದ್ದವರು ಏಣಿ ಹತ್ತಿ ಬುಟ್ಟಿಯ ಬಲೆ ಕತ್ತರಿಸಿಕೊಳ್ಳುವುದನ್ನು ನೀವು ವಿಡಿಯೊಗಳಲ್ಲಿ ನೋಡಿರಬಹುದು. ಇಂಡಿಯಾನಾದ ಆ ರೂಢಿಯನ್ನು 1947ರಲ್ಲಿ ಇಲ್ಲಿಗೆ ತಂದವರು ಸ್ಟೇಟ್‌ನ ಆಗಿನ ಕೋಚ್ ಎವರೆಟ್ ಕೇಸ್. ಇಲ್ಲಿನವರಿಗೆ ಇದನ್ನು ಹೇಳದೆ ಇರಲಾಗುವುದಿಲ್ಲ, ಈಗ ನನಗೂ.

1983ರ ನಂತರ ಸ್ಟೇಟ್‌ಗೆ ಬಲೆ ಕತ್ತರಿಸುವ ಭಾಗ್ಯ ಕಡಿಮೆಯಾಯಿತು. ತಂಡದ ಮೇಲೆ ನಿಯಮ ಉಲ್ಲಂಘನೆಯ ತನಿಖೆ ನಡೆದು 1990ರಲ್ಲಿ ವಾಲ್ವಾನೊ ಕೆಲಸ ಬಿಡಬೇಕಾಯಿತು. ಟೀಚರ್ ಅಜ್ಜಿ ಅದನ್ನು ಮುಚ್ಚಿಡುವುದಿಲ್ಲ. ಎರಡೇ ವರ್ಷಕ್ಕೆ ಕ್ಯಾನ್ಸರ್. 1993ರ ಮಾರ್ಚ್ 4ರಂದು ನ್ಯೂಯಾರ್ಕ್‌ನಲ್ಲಿ ಪ್ರಶಸ್ತಿ ಸಮಾರಂಭವೊಂದರ ವೇದಿಕೆಗೆ ಅವರನ್ನು ಕೈಹಿಡಿದು ಹತ್ತಿಸಬೇಕಾಯಿತು. ದಿನಕ್ಕೊಮ್ಮೆ ನಗಬೇಕು, ಯೋಚಿಸಬೇಕು, ಕಣ್ಣು ತುಂಬಿಬರಬೇಕು ಎಂದರು. ತಮ್ಮನ್ನು ಉಳಿಸಲಾರದ ಸಂಶೋಧನೆಗೆ ಹಣ ಕೇಳಿದರು. ಏಪ್ರಿಲ್ 28ರಂದು ಹೋದರು, 47 ವರ್ಷ. ಅವರು ಹುಟ್ಟುಹಾಕಿದ ವಿ ಫೌಂಡೇಶನ್‌ನ ಕಚೇರಿ ನಮ್ಮ ಕೇರಿಯಲ್ಲೇ ಇದೆ. ಸ್ಟೇಟ್‌ನ ಮಹಿಳಾ ತಂಡವನ್ನು 1975ರಿಂದ ಕಟ್ಟಿದ ಕೇ ಯೋ ಕೂಡ ಸ್ತನ ಕ್ಯಾನ್ಸರ್‌ನೊಂದಿಗೆ ವರ್ಷಗಟ್ಟಲೆ ಹೋರಾಡುತ್ತಲೇ ತರಬೇತಿ ಕೊಟ್ಟು, 2009ರ ಜನವರಿಯಲ್ಲಿ ತೀರಿಕೊಂಡರು. ರೆನಾಲ್ಡ್ಸ್ ಕ್ರೀಡಾಂಗಣಕ್ಕೆ ಈಗ ವಾಲ್ವಾನೊ ಹೆಸರು, ಅದರ ಅಂಗಳಕ್ಕೆ ಕೇ ಯೋ ಹೆಸರು.

ಇಷ್ಟೆಲ್ಲ ಕೇಳಿಕೊಂಡಿದ್ದ ನಮಗೆ 2024 ಬಂತು. ಪುರುಷರ ತಂಡ 14 ಪಂದ್ಯ ಸೋತು ಪ್ರಾದೇಶಿಕ ಪಂದ್ಯಾವಳಿಗೆ ಹೋಗಿತ್ತು. ಅಲ್ಲಿ ಐದು ದಿನದಲ್ಲಿ ಐದು ಗೆಲುವು. ವರ್ಜೀನಿಯಾ ಎದುರಿನ ಸೆಮಿಫೈನಲ್‌ನಲ್ಲಿ ಕಥೆ ಮುಗಿಯಿತೆಂದುಕೊಂಡಾಗ ಮೈಕಲ್ ಓಕಾನೆಲ್ ಕೊನೆಯ ಕ್ಷಣದಲ್ಲಿ ಎಸೆದ ಚೆಂಡು ಹಲಗೆಗೆ ಬಡಿದು ಒಳಗೆ ಬಿದ್ದಿತು. ಹನ್ನೊಂದನೇ ಶ್ರೇಯಾಂಕದೊಂದಿಗೆ ರಾಷ್ಟ್ರೀಯ ಹಂತಕ್ಕೆ ಹೋದರು. ಒಂಬತ್ತು ವರ್ಷದ ನನ್ನ ಮಗಳು ಬ್ರಾಕೆಟ್ ಹಾಳೆಯಲ್ಲಿ ಮೊದಲ ಸುತ್ತಿನಿಂದ ನಡುವಿನ ಖಾಲಿ ಜಾಗದವರೆಗೆ ಕೆಂಪು ಪೆನ್ಸಿಲ್‌ನಲ್ಲಿ ಸ್ಟೇಟ್ ಎಂದೇ ಬರೆದಳು.

ಮಾರ್ಚ್ 31, ಈಸ್ಟರ್ ಭಾನುವಾರ. ಮಧ್ಯಾಹ್ನ ಮಹಿಳಾ ತಂಡಕ್ಕೆ ಪೋರ್ಟ್‌ಲ್ಯಾಂಡ್‌ನಲ್ಲಿ ಟೆಕ್ಸಸ್ ಎದುರು ಪಂದ್ಯ. ಆಚೆಯಿಂದ ಹಾಕಿದರೆ ಮೂರು ಅಂಕ ಸಿಗುವ, ಅಂಗಣದ ಎರಡು ಬದಿಯ ಗೆರೆಗಳು ಬೇರೆ ಬೇರೆ ದೂರದಲ್ಲಿವೆ ಎಂಬುದು ಆಟ ಶುರುವಾಗುವ ಸ್ವಲ್ಪ ಮೊದಲಷ್ಟೇ ಗೊತ್ತಾಯಿತು. ಎರಡೂ ಕಡೆಯವರು ಹಾಗೇ ಆಡೋಣ ಎಂದರು. ಅಜೈಯಾ ಜೇಮ್ಸ್ ಆ ಗೆರೆಗಳಾಚೆಯಿಂದಲೇ ಏಳು ಸಲ ಬುಟ್ಟಿಗೆ ಹಾಕಿದಳು, ಸ್ಟೇಟ್ 76–66. ಅದು ಮುಗಿಯುತ್ತಲೇ ಡಲ್ಲಾಸ್‌ನಲ್ಲಿ ಪುರುಷರಿಗೆ ಡ್ಯೂಕ್. ಡಿ.ಜೆ. ಬರ್ನ್ಸ್ ದೊಡ್ಡ ಮೈಯ ಹುಡುಗ, ಎಡಗೈ ಆಟಗಾರ, ಬೆನ್ನು ಕೊಟ್ಟು ಎದುರಾಳಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಹೂವಿಡುವಷ್ಟು ಹಗುರವಾಗಿ ಚೆಂಡು ಹಾಕುತ್ತಾನೆ. ಅವನೊಬ್ಬನೇ 29 ಅಂಕ. 76–64. ಒಂದೇ ದಿನ ಎರಡು ತಂಡಗಳೂ ಫೈನಲ್ ಫೋರ್‌ಗೆ, ಅಂದರೆ ಕೊನೆಯ ನಾಲ್ಕು ತಂಡಗಳ ಹಂತಕ್ಕೆ ಹೋದವು. ಪುರುಷರಿಗೆ 1983ರ ನಂತರ ಇದೇ ಮೊದಲು. ನಮ್ಮ ಹಜಾರದ ಸೋಫಾದಲ್ಲಿ ಟೀಚರ್ ಅಜ್ಜಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಮಗಳು ಮೊದಲು ಅವರನ್ನು ಅಪ್ಪಿಕೊಂಡಳು, ಆಮೇಲೆ ನಾನು.

ಮುಂದಿನ ವಾರಾಂತ್ಯ ಎರಡೂ ತಂಡ ಸೋತವು. ಮಹಿಳೆಯರು ಶುಕ್ರವಾರ ಸೌತ್ ಕ್ಯಾರೊಲಿನಾಗೆ, ಪುರುಷರು ಶನಿವಾರ ಪರ್ಡ್ಯೂಗೆ.

ಭಾನುವಾರ ಬೆಳಿಗ್ಗೆ ಟೀಚರ್ ಅಜ್ಜಿ ಫೋನ್ ಮಾಡಿ ಓಕ್‌ವುಡ್‌ಗೆ ಕರೆದುಕೊಂಡು ಹೋಗುತ್ತೀಯಾ ಎಂದರು. ಅದು ರಾಲಿಯ ಹಳೆಯ ಸ್ಮಶಾನ. ವಾಲ್ವಾನೊ ಸಮಾಧಿಯ ಬಳಿ ಜನ ಕೆಂಪು ಹೂ, ಕೆಂಪು ಟೋಪಿ ಇಟ್ಟು ಹೋಗಿದ್ದರು. ಟೀಚರ್ ಅಜ್ಜಿ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನ ತೋಳು ಹಿಡಿದು ಇನ್ನೊಂದು ಕಲ್ಲಿನ ಬಳಿ ನಡೆಸಿದರು. ಲೊರೆಂಜೊ ಚಾರ್ಲ್ಸ್. ಆಟದ ದಿನಗಳು ಮುಗಿದ ಮೇಲೆ ಅವರು ಬಾಡಿಗೆ ಬಸ್ ಓಡಿಸುತ್ತಿದ್ದರು. 2011ರ ಜೂನ್‌ನಲ್ಲಿ ನಾನು ದಿನವೂ ಓಡಾಡುವ ಐ-40 ರಸ್ತೆಯಲ್ಲೇ ಆ ಬಸ್ಸು ಅಪಘಾತಕ್ಕೀಡಾಯಿತು. ಒಳಗೆ ಅವರೊಬ್ಬರೇ ಇದ್ದರು. 47 ವರ್ಷ, ಕೋಚ್‌ಗೆ ಆಗಿದ್ದಷ್ಟೇ.

ಟೀಚರ್ ಅಜ್ಜಿ ಕೈಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದರು. ಮಗಳ ಬ್ರಾಕೆಟ್. ಯಾವಾಗ ಕೇಳಿ ಇಸಕೊಂಡಿದ್ದರೋ. ಕೊನೆಯ ಎರಡು ಜಾಗ ತಪ್ಪಾಗಿದ್ದರೂ ಅವಳು ಅಳಿಸಿರಲಿಲ್ಲ. ಅದನ್ನು ಕಲ್ಲಿನ ಬುಡದಲ್ಲಿಟ್ಟರು. ಗಾಳಿ ಇತ್ತು. ನಾನು ಸುತ್ತ ಹುಡುಕಿ ಒಂದು ಬೆಣಚುಕಲ್ಲು ತಂದು ಅದರ ಮೇಲೆ ಹೇರಿದೆ.