ಕಾಲ ಕೆಳಗೆಲ್ಲ ಹಕ್ಕಿಗಳ ಮನೆ

ವೇಲ್ಸ್‌ನ ಪೆಂಬ್ರೋಕ್‌ಶೈರ್ ಕರಾವಳಿಗೆ ಅಂಟಿಕೊಂಡಂತೆ ಸ್ಕೋಮರ್ ಅಂತ ಒಂದು ದ್ವೀಪವಿದೆ. ಮಾರ್ಟಿನ್ಸ್ ಹೇವನ್‌ನಿಂದ ದೋಣಿ ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ. ಜೂನ್‌ನಲ್ಲಿ ಹೋಗಿದ್ದೆವು.

ಹೊರಡುವ ಮೊದಲೇ ಬ್ಯಾಗ್ ಬಿಚ್ಚಿ ನೋಡಿಕೊಳ್ಳಿ ಅಂತಾರೆ. ದ್ವೀಪದಲ್ಲಿ ಹೆಗ್ಗಣಗಳಿಲ್ಲ. ಒಂದು ಸೇರಿಕೊಂಡರೂ ಹಕ್ಕಿಗಳ ಮೊಟ್ಟೆ, ಮರಿಗಳಿಗೆ ಗಂಡಾಂತರ. ಇಳಿದ ಮೇಲೆ ಇನ್ನೊಂದು ಮಾತು: ದಾರಿ ಬಿಟ್ಟು ಹೆಜ್ಜೆ ಇಡಬೇಡಿ. ನೆಲದ ತುಂಬ ಹಕ್ಕಿಗಳ ಬಿಲಗಳು. ಕಾಲಿಟ್ಟರೆ ಮಣ್ಣು ಕುಸಿದು ಒಳಗಿರುವ ಮರಿಯ ಮೇಲೆ ಬೀಳುತ್ತದೆ. ಈ ಕಟ್ಟುನಿಟ್ಟು ನನಗೆ ತುಂಬಾ ಇಷ್ಟವಾಯಿತು.

ಪಫಿನ್ ನೋಡಲು ದಿ ವಿಕ್ ಎಂಬ ಕಡಿದಾದ ಬಂಡೆಯ ಅಂಚಿಗೆ ಹೋಗಬೇಕು. ಕಾಗೆಗಿಂತ ಚಿಕ್ಕ ಹಕ್ಕಿ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕೇಸರಿ ಕಾಲು. ಒಂದು ಪಫಿನ್ ಕೊಕ್ಕಿನ ತುಂಬ ಸ್ಯಾಂಡ್‌ಈಲ್ ಮೀನು ಕಚ್ಚಿಕೊಂಡು ನಮ್ಮ ಬೂಟಿನ ಪಕ್ಕದಲ್ಲೇ ಇಳಿಯಿತು. ಮೀನುಗಳು ಕೊಕ್ಕಿನ ಎರಡೂ ಕಡೆ ಜೋತಾಡುತ್ತಿದ್ದವು. ಅದರ ಅಂಗುಳಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ಹಿಡಿದ ಮೀನನ್ನು ನಾಲಿಗೆಯಿಂದ ಅಲ್ಲಿಗೆ ಒತ್ತಿಟ್ಟುಕೊಂಡು ಮತ್ತೊಂದನ್ನು ಹಿಡಿಯುತ್ತದೆ! ಆ ಮೀನು ಕಿತ್ತುಕೊಳ್ಳಲು ಗಲ್ ಎಂಬ ಕಡಲ ಹಕ್ಕಿಗಳು ಕಾಯುತ್ತಿರುತ್ತವೆ. ಹಾಗಾಗಿ ಅದು ಸುಮ್ನೆ ನಿಲ್ಲಲಿಲ್ಲ, ದಾರಿ ದಾಟಿ ಓಡಿ ಬಿಲದೊಳಗೆ ನುಗ್ಗಿತು. ನಾವೆಲ್ಲ ನಿಂತು ಅದಕ್ಕೆ ದಾರಿ ಬಿಟ್ಟುಕೊಟ್ಟೆವು.

ಆದರೆ ಇಲ್ಲಿ ಜಾಸ್ತಿ ಇರುವುದು ಪಫಿನ್ ಅಲ್ಲ, ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲ ಹಕ್ಕಿ. ಸುಮಾರು 3.5 ಲಕ್ಷ ಜೋಡಿ. ಜಗತ್ತಿನಲ್ಲಿ ಬೇರೆಲ್ಲೂ ಇಷ್ಟು ದೊಡ್ಡ ನೆಲೆಯಿಲ್ಲ. ಹಗಲಲ್ಲಿ ಜೀವಂತ ಹಕ್ಕಿ ಒಂದೂ ಕಾಣಲಿಲ್ಲ. ಒಂದೋ ಕಡಲಲ್ಲಿರುತ್ತವೆ, ಇಲ್ಲವೇ ನಮ್ಮ ಕಾಲ ಕೆಳಗೆ ಬಿಲದಲ್ಲಿ. ಕಂಡದ್ದು ದಾರಿ ಬದಿಯ ರೆಕ್ಕೆಗಳು ಮಾತ್ರ. ನಡುವಿನ ಮಾಂಸವೆಲ್ಲ ಖಾಲಿ. ಶಿಯರ್‌ವಾಟರ್‌ನ ಕಾಲುಗಳು ದೇಹದ ತೀರಾ ಹಿಂದಿವೆ. ಈಜಲು ಚೆನ್ನ, ನಡೆಯಲು ಕಷ್ಟ. ನೆಲದ ಮೇಲೆ ದೊಡ್ಡ ಕಪ್ಪುಬೆನ್ನಿನ ಗಲ್ ಕಣ್ಣಿಗೆ ಬಿದ್ದರೆ ಮುಗಿಯಿತು. ಅದಕ್ಕೇ ಕತ್ತಲಾದ ಮೇಲೇ ಬಿಲಕ್ಕೆ ಬರುವುದು. ಚಳಿಗಾಲ ಕಳೆಯಲು ಅರ್ಜೆಂಟೀನಾ ಕಡಲಿನವರೆಗೆ ಹಾರುವ ಹಕ್ಕಿ, ಮನೆ ಬಾಗಿಲಲ್ಲಿ ಸಾಯುವುದು ನೋಡಿ ಸಂಕಟವಾಯಿತು. ಗಲ್‌ಗೂ ಮರಿಗಳಿರುತ್ತವೆ, ಅಲ್ವಾ.

ಬಂಡೆಗಳ ಮೇಲೆ ರೇಜರ್‌ಬಿಲ್, ಗಿಲಿಮಾಟ್ ಎಂಬ ಕಡಲ ಹಕ್ಕಿಗಳು ಕಿಕ್ಕಿರಿದಿದ್ದವು. ಕೆಳಗೆ ಬೂದು ಸೀಲ್‌ಗಳು ಬಿಸಿಲು ಕಾಯಿಸುತ್ತಿದ್ದವು.

ಈ ಕಡೆ ಬರುವವರು ಜುಲೈ ಮಧ್ಯದೊಳಗೇ ಬನ್ನಿ. ಆಗಸ್ಟ್‌ಗೆ ಪಫಿನ್‌ಗಳು ಕಡಲಿಗೆ ಹೊರಟುಬಿಟ್ಟಿರುತ್ತವೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿಯಿದೆ, ಟಿಕೆಟ್ ಬೇಗ ಮಾಡಿಸಿ. ರಾತ್ರಿ ಉಳಿಯಲು ಜಾಗ ಸಿಕ್ಕರಂತೂ ಬಿಡಬೇಡಿ, ಶಿಯರ್‌ವಾಟರ್ ಬರುವುದು ಆಗಲೇ.