ಬುಟರ್‌ಶ್ಮಾಲ್ಟ್ಸ್ ಅಂದ್ರೆ ತುಪ್ಪ

ಒಂದೆಲಗದ ಬಳ್ಳಿಯನ್ನು ಬೇರು ಸಮೇತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿ ಅಮ್ಮ ನನ್ನ ಸೂಟ್‌ಕೇಸಿನ ಮೂಲೆಯಲ್ಲಿ ಇಟ್ಟಿದ್ದಳು. ನಾನು ಅದನ್ನು ಹೊರಗೆ ತೆಗೆದೆ.

"ಎಂತಕ್ಕೆ ತೆಗಿತೀಯ? ಅಲ್ಲಿ ಕುಂಡದಲ್ಲಿ ನೆಟ್ರೆ ಬರ್ತದೆ."

ಬರುತ್ತೆ, ನನಗೂ ಗೊತ್ತು. ಆದರೆ ಯುರೋಪಿಗೆ ಹಸಿ ಗಿಡ, ಸೊಪ್ಪು, ಹಣ್ಣು ಯಾವುದನ್ನೂ ಸರ್ಟಿಫಿಕೇಟ್ ಇಲ್ಲದೆ ಒಯ್ಯುವ ಹಾಗಿಲ್ಲ. 2019ರ ಡಿಸೆಂಬರ್‌ನಿಂದ ಈ ನಿಯಮ ಬಿಗಿಯಾಗಿದೆ. ಅನಾನಸು, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ದುರಿಯನ್, ಈ ಐದು ಹಣ್ಣಿಗೆ ಮಾತ್ರ ವಿನಾಯಿತಿ. ಬ್ಯಾಗಿನಲ್ಲಿ ಹಾಲು, ಬೆಣ್ಣೆ, ತುಪ್ಪವಂತೂ ಒಯ್ಯಲೇಬಾರದು. ಇಷ್ಟು ಹೇಳಿದ್ದಕ್ಕೆ ಅಮ್ಮ, "ತೆಂಗಿನಕಾಯಿ ಆಗ್ತದೆ ಅಂದ್ಯಲ್ಲ" ಅಂತ ಎದ್ದು ಹಿತ್ತಲಿಗೆ ಹೋದಳು.

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮಳೆ ಇನ್ನೂ ಹಿಡಿದಿಲ್ಲ. ಅಂಗಳದ ತುಂಬ ಹಲಸಿನ ಹಪ್ಪಳ. ರಜೆಯಲ್ಲಿ ಇನ್ನೊಂದು ವಾರ ಉಳಿದಿದೆ. ನಿನ್ನೆ ಚಿಕ್ಕಪ್ಪನ ಮಗಳು ಬಂದಿದ್ದಳು. ಓದಲು ಜರ್ಮನಿಗೆ ಹೊರಟಿದ್ದಾಳೆ. ಹಪ್ಪಳ ತಿರುಗಿಸಿ ಹಾಕ್ತಾ, "ಅಕ್ಕಾ, ಅಲ್ಲಿ ಊಟಕ್ಕೆ ಎಂತ ಮಾಡ್ತಿ?" ಅಂತ ಕೇಳಿದಳು. ನನಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಅದಕ್ಕೇ ಅವಳಿಗೆ ಹೇಳಿದ್ದನ್ನೆಲ್ಲ ಇಲ್ಲೂ ಬರೀತಿದ್ದೇನೆ.

ನಾನು ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿಗೆ ಹೋಗಿದ್ದು 2018ರ ಅಕ್ಟೋಬರಿನಲ್ಲಿ. ಇಳಿದಿದ್ದು ಶನಿವಾರ ರಾತ್ರಿ. ಅಲ್ಲಿ ಭಾನುವಾರ ದಿನಸಿ ಅಂಗಡಿ ತೆರೆಯಲ್ಲ, ಅದು ಕಾನೂನು. ಬೇಕರಿ ಮಾತ್ರ ಬೆಳಿಗ್ಗೆ ಸ್ವಲ್ಪ ಹೊತ್ತು ತೆಗೆದಿತ್ತು. ಬ್ರೆಟ್ಸೆಲ್ ತಂದೆ. ಕೈ ಕಟ್ಟಿಕೊಂಡ ಹಾಗೆ ಹೆಣೆದ, ಮೇಲೆ ಹರಳುಪ್ಪು ಉದುರಿಸಿದ ಕಂದು ಬಣ್ಣದ ಬ್ರೆಡ್. ಬಿಸಿ ಇತ್ತು, ರುಚಿ ಇತ್ತು. ಮುಂದಿನ ಮೂರು ವಾರ ಹೆಚ್ಚುಕಡಿಮೆ ಅದನ್ನೇ ತಿಂದೆ.

ಆಮೇಲೆ ಆಫೀಸಿನ ಗೆಳತಿಯೊಬ್ಬಳು ನಾನು ಮಾಂಸ ತಿನ್ನಲ್ಲ ಅಂತ ತಿಳಿದು ಮೆಲ್ಲಗೆ ಹೇಳಿದಳು. ಆ ಸೀಮೆಯನ್ನು ಶ್ವಾಬೆನ್ ಅಂತಾರೆ. ಅಲ್ಲಿ ಬ್ರೆಟ್ಸೆಲ್ ಹಿಟ್ಟಿಗೆ ಹಂದಿ ಕೊಬ್ಬು ಹಾಕೋದು ಹಳೇ ಪದ್ಧತಿ. ಎಲ್ಲರೂ ಹಾಕಲ್ಲ. ಬೆಣ್ಣೆ ಹಾಕುವವರಿದ್ದಾರೆ, ಎಣ್ಣೆ ಹಾಕುವವರೂ ಇದ್ದಾರೆ. ಆದರೆ ಬಿಡಿಯಾಗಿ ಮಾರುವ ಬ್ರೆಡ್ಡಿಗೆ ಏನೇನು ಹಾಕಿದೆ ಅಂತ ಪೂರ್ತಿ ಬರೆದು ಹಾಕಬೇಕಾಗಿಲ್ಲ. ಅಲರ್ಜಿ ಮಾಡುವ 14 ಪದಾರ್ಥ ಇದ್ದರೆ ಅಷ್ಟನ್ನು ತಿಳಿಸಿದರೆ ಸಾಕು. ಗೋಧಿ, ಹಾಲು, ಮೊಟ್ಟೆ, ಎಳ್ಳು ಆ ಪಟ್ಟಿಯಲ್ಲಿವೆ. ಹಂದಿ ಕೊಬ್ಬು ಇಲ್ಲ.

ಆ ಸಂಜೆ ರೂಮಿಗೆ ಬಂದು ತುಂಬ ಅತ್ತೆ. ಬೆಂಗಳೂರಿನ ಪರಿಚಯದವರೊಬ್ಬರಿಗೆ ಫೋನಿನಲ್ಲಿ ಹೇಳಿಕೊಂಡರೆ, "ಹೊರದೇಶ ಅಂದ್ಮೇಲೆ ಅಡ್ಜಸ್ಟ್ ಮಾಡ್ಕೋಬೇಕು" ಅಂದರು. ಆ ಮಾತು ಈಗಲೂ ನನಗೆ ನೋವು ಕೊಡುತ್ತೆ. ಚಳಿಗೆ ಅಡ್ಜಸ್ಟ್ ಆದೆ, ಭಾಷೆಗೆ ಆದೆ, ಮಧ್ಯಾಹ್ನ ನಾಲ್ಕೂವರೆಗೆ ಕತ್ತಲಾಗೋದಕ್ಕೂ ಆದೆ. ಊಟ ಬೇರೆ ವಿಷಯ. ನಾನು ಏನು ತಿನ್ನಲ್ಲ ಅನ್ನೋದನ್ನು ನಾನು ನಿರ್ಧಾರ ಮಾಡಬೇಕು, ಅಲ್ವಾ?

ಅದಕ್ಕೆ ತಂಗಿಗೆ ಮೊದಲು ಹೇಳಿದ್ದು ಇದು. 'ನಾನು ವೆಜಿಟೇರಿಯನ್' ಅಂದರೆ ಅಲ್ಲಿ ಸಾಲೋದಿಲ್ಲ. ಅಡುಗೆ ಹೇಗೆ ಮಾಡಿದ್ದು ಅಂತ ಕೇಳಬೇಕು. ಒಂದು ಹೋಟೆಲಿನಲ್ಲಿ ಆಲೂಗಡ್ಡೆ ಸಲಾಡ್ ತಗೊಂಡಿದ್ದೆ. ತೆಳ್ಳಗೆ ಹೆಚ್ಚಿದ ಬೆಂದ ಆಲೂಗಡ್ಡೆ, ಈರುಳ್ಳಿ, ವಿನೆಗರ್. ನೋಡಿದರೆ ಅನುಮಾನ ಪಡಲು ಏನೂ ಇಲ್ಲ. ಅರ್ಧ ತಿಂದಾದ ಮೇಲೆ ಗೊತ್ತಾಯ್ತು, ಆ ಸೀಮೆಯಲ್ಲಿ ಆಲೂಗಡ್ಡೆಗೆ ಬಿಸಿ ಸಾರು ಹೊಯ್ದು ಕಲಸುತ್ತಾರೆ, ಬಹಳ ಕಡೆ ಅದು ಮಾಂಸ ಬೇಯಿಸಿದ ಸಾರು. ಬಡಿಸಿದ ಹೆಂಗಸು ಮೋಸ ಮಾಡಿದ್ದಲ್ಲ. ಅವರ ಲೆಕ್ಕದಲ್ಲಿ ಮಾಂಸದ ತುಂಡು ಇಲ್ಲ ಅಂದ್ರೆ ಅದು ತರಕಾರಿ ಊಟ. ನಾನು ಕೇಳಿದ್ದರೆ ಹೇಳ್ತಿದ್ದಳು.

ಹಾಗಾಗಿ ಮೊದಲು ಕಲಿಯಬೇಕಾದ ಜರ್ಮನ್ ಪದಗಳು ಬೇರೆಯೇ. ಬ್ರೂಯೆ ಅಂದ್ರೆ ಸಾರು. ಶ್ಪೆಕ್ ಅಂದ್ರೆ ಹಂದಿಯ ಕೊಬ್ಬಿನ ಮಾಂಸ, ಸಣ್ಣ ಚೂರು ಮಾಡಿ ಬೀನ್ಸ್ ಪಲ್ಯಕ್ಕೂ ಹಾಕಿರುತ್ತಾರೆ. ಜೆಲಟೀನೆ ಅಂದ್ರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು, ಕೆಲವು ಮೊಸರಿನ ಡಬ್ಬಿಯಲ್ಲಿ, ಮೆತ್ತನೆ ಮಿಠಾಯಿಯಲ್ಲಿ ಇರುತ್ತೆ. ಲಾಬ್ ಅಂದ್ರೆ ಚೀಸ್ ಮಾಡುವಾಗ ಹಾಲು ಒಡೆಯಲು ಹಾಕುವ ವಸ್ತು. ಅದು ಕರುವಿನ ಹೊಟ್ಟೆಯಿಂದ ಬಂದಿರಬಹುದು. 'ಮಿಕ್ರೋಬಿಯೆಲ್' ಅಂತ ಜೊತೆಗೆ ಇದ್ದರೆ ತೊಂದರೆ ಇಲ್ಲ. ಕಷ್ಟ ಏನೆಂದರೆ ಚೀಸಿನ ಪ್ಯಾಕೆಟ್ ಮೇಲೆ ಲಾಬ್ ಹೆಸರು ಬರೆಯಲೇಬೇಕು ಅಂತ ಕಾನೂನಿಲ್ಲ. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸಿಗಂತೂ ಕರುವಿನದ್ದೇ ಆಗಬೇಕು ಅಂತ ಅದರ ನಿಯಮದಲ್ಲೇ ಇದೆ. ನಮ್ಮಲ್ಲಿ ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ಹಸಿರು ಚುಕ್ಕೆ ನೋಡಿದರೆ ಮುಗಿಯಿತು. ಅಲ್ಲಿ ವಿ ಅಕ್ಷರದ ಹಳದಿ ಗುರುತು ಇದೆ, ಆದರೆ ಹಾಕಲೇಬೇಕು ಅಂತೇನಿಲ್ಲ. ಇನ್ನೊಂದು, ಅಲ್ಲಿ ವೆಜಿಟೇರಿಯನ್ ಅಂದ್ರೆ ಮೊಟ್ಟೆ ಇರಬಹುದು. ಮೊಟ್ಟೆ ತಿನ್ನದವರು ವೀಗನ್ ಅಂತ, ಅಂದ್ರೆ ಹಾಲು, ಮೊಟ್ಟೆ ಏನೂ ಇಲ್ಲ ಅಂತ, ಬರೆದದ್ದನ್ನು ಧೈರ್ಯವಾಗಿ ತಗೊಳ್ಳಿ. ಇದಂತೂ ಈಗ ಎಲ್ಲ ಅಂಗಡಿಯಲ್ಲೂ ಸಿಗುತ್ತೆ.

ಶ್ಮಾಲ್ಟ್ಸ್ ಅಂದ್ರೆ ಕರಗಿಸಿದ ಕೊಬ್ಬು. ಬ್ರೆಟ್ಸೆಲ್ ಕಥೆ ಆದ ಮೇಲೆ ಆ ಅಕ್ಷರ ಕಂಡ ಡಬ್ಬಿಯನ್ನೆಲ್ಲ ಅಲ್ಲೇ ಬಿಟ್ಟು ಬರ್ತಿದ್ದೆ. ಬೆಣ್ಣೆಯ ಪಕ್ಕ ಒಂದು ಹಳದಿ ಡಬ್ಬಿ ಯಾವಾಗಲೂ ಇರ್ತಿತ್ತು, ಬುಟರ್‌ಶ್ಮಾಲ್ಟ್ಸ್. ನಾಲ್ಕು ತಿಂಗಳು ಅದನ್ನು ಮುಟ್ಟಲಿಲ್ಲ. ಅಮ್ಮನ ತುಪ್ಪ ಒಯ್ಯುವ ಹಾಗಿಲ್ಲ, ಒಗ್ಗರಣೆಗೆ ಬರೀ ಎಣ್ಣೆ. ಒಂದು ದಿನ ಡಿಕ್ಷನರಿ ಹಿಡಿದು ಕೂತಾಗ ತಿಳಿಯಿತು, ಅದು ಬೆಣ್ಣೆ ಕಾಯಿಸಿದ್ದು. ಅಂದ್ರೆ ತುಪ್ಪ! ಅವತ್ತೇ ತಂದು, ಮುಚ್ಚಳ ತೆಗೆದು ಮೂಸಿದೆ. ನಮ್ಮ ಮನೆಯ ತುಪ್ಪದ ಹದ ಇಲ್ಲ, ಹರಳು ಹರಳಾಗಿಲ್ಲ. ಆದರೂ ಬಿಸಿ ಅನ್ನದ ಮೇಲೆ ಒಂದು ಚಮಚ ಹಾಕಿ, ಮಿಡಿ ಉಪ್ಪಿನಕಾಯಿ ಜೊತೆ ಕಲಸಿ ತಿಂದೆ. ಅಲ್ಲಿಗೆ ಹೋದ ಮೇಲೆ ಹೊಟ್ಟೆ ತುಂಬ ಉಂಡಿದ್ದು ಅವತ್ತೇ.

ಉಳಿದದ್ದು ಒಂದೊಂದಾಗಿ ಸಿಕ್ಕಿತು. ಟರ್ಕಿಯವರ ಅಂಗಡಿಯಲ್ಲಿ ಗಟ್ಟಿ ಮೊಸರು, ಕಡಲೆ, ಕೆಂಪು ಬೇಳೆ. ರೈಲ್ವೆ ಸ್ಟೇಷನ್ ಹತ್ತಿರ ಶ್ರೀಲಂಕಾದ ತಮಿಳು ಅಕ್ಕ ಒಬ್ಬರ ಅಂಗಡಿ ಇದೆ. ನನಗೆ ತಮಿಳು ಬರಲ್ಲ, ಅವರಿಗೆ ಕನ್ನಡ ಬರಲ್ಲ, ಇಬ್ಬರೂ ಜರ್ಮನ್ ಮಾತಾಡ್ತೇವೆ. ತುರಿದ ತೆಂಗಿನಕಾಯಿ ಅಲ್ಲಿ ಫ್ರೀಜರಿನಲ್ಲಿ ಇರುತ್ತೆ, ಇಟ್ಟಿಗೆ ಥರ. ಕರಿಬೇವು ಬಂದ ದಿನ ನನಗೊಂದು ಕಟ್ಟು ತೆಗೆದಿಡ್ತಾರೆ.

ಆದರೆ ನಿಜವಾಗಿ ನನಗೆ ಧೈರ್ಯ ಬಂದಿದ್ದು ಪಕ್ಕದ ಮನೆಯ ಅಜ್ಜಿಯ ಅಡುಗೆಮನೆಯಲ್ಲಿ. ಶ್ವಾಬೆನ್‌ನವರ ಮನೆ ಊಟ ಅಂದ್ರೆ ಬೇಳೆ, ಶ್ಪೆಟ್ಸ್‌ಲೆ ಅನ್ನೋ ನೂಡಲ್ಸ್ ಥರದ್ದು, ಮೇಲೆ ಸಾಸೇಜ್. ಅಜ್ಜಿ ನನಗಾಗಿ ಸಾಸೇಜೂ ಇಲ್ಲದೆ, ಶ್ಪೆಕ್ಕೂ ಇಲ್ಲದೆ ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸಿದರು. ಶ್ಪೆಟ್ಸ್‌ಲೆಗೆ ಮೊಟ್ಟೆ ಹಾಕ್ತಾರೆ, ಅದು ಬೇಡ ಅಂದೆ. ಈರುಳ್ಳಿ ಕಂದಾಗುವ ತನಕ ಹುರಿದು, ಸ್ವಲ್ಪ ಹಿಟ್ಟು ಹಾಕಿ ಬಾಡಿಸಿ, ಬೆಂದ ಬೇಳೆ ಸೇರಿಸಿದರು. ಕುದಿ ಬಂತು. ಕೊನೆಗೆ ವಿನೆಗರ್ ಬಾಟಲಿ ಎತ್ತಿ ಒಂದು ಸುತ್ತು ಹೊಯ್ದು, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ತಲೆ ಆಡಿಸಿ ಇನ್ನೊಂದು ಚೂರು ಹೊಯ್ದರು. ನಾನು ನೋಡ್ತಾ ನಿಂತೇಬಿಟ್ಟೆ. ಅಮ್ಮ ವಾಟೆಹುಳಿ ಹಾಕಿ ಹುಳಿ ಹದ ನೋಡೋದೂ ಹೀಗೇ, ಅಂಗೈಯಲ್ಲೇ.

ಆ ಬೇಳೆಯ ಕಥೆಯನ್ನೂ ಅಜ್ಜಿಯೇ ಹೇಳಿದರು. ಹತ್ತಿರದ ಗುಡ್ಡಗಾಡಿನಲ್ಲಿ ಬೆಳೀತಿದ್ದ ಅವರದ್ದೇ ತಳಿ ಅದು, ಮಧ್ಯದಲ್ಲಿ ಪೂರ್ತಿ ಹೋಗಿಬಿಟ್ಟಿತ್ತು. 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಬೀಜ ಭಂಡಾರದಲ್ಲಿ ಅದರ ಬೀಜ ಸಿಕ್ಕಿತು. ಅದನ್ನು ತಂದು ರೈತರು ಮತ್ತೆ ಬೆಳೆಸಿದರು. ಈಗ ಆಲ್ಬ್-ಲೈಸಾ ಅಂತ ಮಾರ್ತಾರೆ. ಕೇಳುವಾಗ ನನಗೆ ಕಣ್ಮುಂದೆ ಬಂದಿದ್ದು ನಮ್ಮ ಅಡುಗೆಮನೆ ಗೋಡೆ. ಮುಂದಿನ ವರ್ಷಕ್ಕೆ ಅಂತ ಅಮ್ಮ ಸೌತೆ ಬೀಜವನ್ನು ಬೂದಿಯಲ್ಲಿ ಕಲಸಿ ಆ ಗೋಡೆಗೆ ಅಂಟಿಸಿರುತ್ತಾಳೆ. ಈಗ ಆ ಬೇಳೆಗೆ ನಾನು ವಿನೆಗರ್ ಬದಲು ವಾಟೆಹುಳಿ ಹಾಕಿ, ತೆಂಗು, ಕೊತ್ತಂಬರಿ, ಮೆಣಸು ರುಬ್ಬಿ ಹುಳಿ ಮಾಡ್ತೇನೆ. ಬೇಳೆ ಕರಗಲ್ಲ, ಕಾಳು ಕಾಳಾಗಿ ನಿಲ್ಲುತ್ತೆ. ಅಜ್ಜಿಗೆ ಒಂದು ಬಟ್ಟಲು ಕೊಟ್ಟರೆ, ಖಾರಕ್ಕೆ ಕಣ್ಣು ಒರೆಸಿಕೊಂಡು ಎರಡನೇ ಸಲ ಹಾಕಿಸಿಕೊಂಡರು.

ಅಲ್ಲಿವರೆಗೆ ನಾನು ಅಂಗಡಿಯಲ್ಲಿ ನಮ್ಮೂರಿನ ಪದಾರ್ಥವನ್ನೇ ಹುಡುಕ್ತಿದ್ದೆ. ಆಮೇಲೆ ಅಲ್ಲಿಯದನ್ನು ನಮ್ಮ ಹಾಗೆ ಮಾಡಲು ಶುರು ಮಾಡಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿನ ಕಾಡಿನ ನೆಲದ ತುಂಬ ಬೇರ್‌ಲೌಖ್ ಅನ್ನೋ ಸೊಪ್ಪು ಬರುತ್ತೆ. ಬೆಳ್ಳುಳ್ಳಿ ವಾಸನೆ. ಸ್ವಂತಕ್ಕೆ ಒಂದು ಹಿಡಿಯಷ್ಟು ಕೊಯ್ಯಬಹುದು, ರಕ್ಷಿತ ಕಾಡಿನಲ್ಲಿ ಮಾತ್ರ ಬೇಡ. ಅದರ ಜೊತೆಗೇ ಅದೇ ಥರದ ಎಲೆಯ ವಿಷದ ಗಿಡಗಳೂ ಬೆಳೆಯುತ್ತವೆ. ಮೊದಲ ಸಲ ಅಜ್ಜಿಯೇ ಕರೆದುಕೊಂಡು ಹೋಗಿ ತೋರಿಸಿದರು. ಬೇರ್‌ಲೌಖ್‌ನ ಒಂದೊಂದು ಎಲೆಗೂ ಅದರದ್ದೇ ತೊಟ್ಟು, ನೆಲದಿಂದ ಒಂಟಿಯಾಗಿ ಎದ್ದಿರುತ್ತೆ. ವಿಷದ್ದರಲ್ಲಿ ಒಂದಕ್ಕೆ ಒಂದೇ ದಂಟಿಗೆ ಎರಡು ಎಲೆ. ಹೊಸಕಿ ಮೂಸಿದರೆ ಸಾಕು ಅಂದುಕೊಳ್ಳಬೇಡಿ, ಮೊದಲ ಎಲೆ ಕೊಯ್ದ ಮೇಲೆ ಕೈಯೇ ಬೆಳ್ಳುಳ್ಳಿ ವಾಸನೆ ಹೊಡೆಯುತ್ತೆ. ತಂಗಿಗೆ ಇದನ್ನು ಎರಡು ಸಲ ಹೇಳಿದೆ. ತಿಳಿದವರು ಜೊತೆಗಿಲ್ಲದೆ ಕೊಯ್ಯಲೇಬೇಡ ಅಂತಾನೂ ಹೇಳಿದೆ.

ಆ ಎಲೆಯನ್ನು ಬುಟರ್‌ಶ್ಮಾಲ್ಟ್ಸ್‌ನಲ್ಲಿ ಬಾಡಿಸಿ, ಜೀರಿಗೆ, ನಾಲ್ಕು ಕಾಳುಮೆಣಸು, ತೆಂಗಿನ ತುರಿ ಹಾಕಿ ರುಬ್ಬಿ, ಟರ್ಕಿ ಮೊಸರು ಕಡೆದ ಮಜ್ಜಿಗೆ ಬೆರೆಸಿದರೆ ತಂಬುಳಿ. ಫೋನಿನಲ್ಲಿ ತೋರಿಸಿದಾಗ ಅಮ್ಮ ಬಹಳ ಹೊತ್ತು ನೋಡಿ, "ಬಣ್ಣ ಸರಿಯಾಗಿದೆ. ಒಗ್ಗರಣೆಗೆ ಒಣಮೆಣಸು ಒಂದೇ ಸಾಕಿತ್ತು" ಅಂದಿದ್ದಳು.

ಇವತ್ತು ಸೂಟ್‌ಕೇಸ್ ತೂಕ ಹಾಕಿ ಆಯ್ತು. 23 ಕಿಲೋದಲ್ಲಿ ಹಪ್ಪಳ, ವಾಟೆಹುಳಿ, ಮುರುಗಲು ಸಿಪ್ಪೆ, ಮಿಡಿ ಉಪ್ಪಿನಕಾಯಿ, ಜೊತೆಗೆ ಸುಲಿದ ತೆಂಗಿನಕಾಯಿ ಎರಡು. ನನ್ನ ಸ್ವೆಟರ್ ಹೊರಗೆ ಬಂದಿದೆ. ಒಂದೆಲಗವನ್ನು ಅಮ್ಮ ಬಚ್ಚಲ ಹಿಂದೆ ಮೊದಲಿದ್ದ ಜಾಗದಲ್ಲೇ ಮತ್ತೆ ನೆಟ್ಟಿದ್ದಾಳೆ. ಸುತ್ತ ಮಣ್ಣು ಒತ್ತಿ ಒಂದು ಚೊಂಬು ನೀರು ಹಾಕಿದಳು. ಕೀಳುವಾಗ ಮುರಿದ ಎಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋಗಿದ್ದಾಳೆ. ಒರಳುಕಲ್ಲು ತೊಳೆಯುವ ಸದ್ದು ಕೇಳ್ತಿದೆ.